ಮುನಿಯಪ್ಪನ ನೆಂಟರು

ಹರೂರು
12 ಏಪ್ರಿಲ್ 2024

ಚಿಕ್ಕಪ್ಪನಿಗೆ, ಮುನಿಲಕ್ಷ್ಮಿ ಬರೆಯುವುದು.

ಮಗು ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದರೆ ಚಿಕ್ಕಮ್ಮ ನಂಬುವುದಿಲ್ಲ, ಅದಕ್ಕೇ ಬರೆಯುತ್ತಿಲ್ಲ. ಬಾಣಂತನ ಮುಗಿಸಿ ನಿಮ್ಮ ಮನೆಯಿಂದ ಇಲ್ಲಿಗೆ ಬಂದ ಮೇಲೆ ನನಗೆ ನಿದ್ದೆ ಅನ್ನುವುದೇ ಇಲ್ಲ. ಮಗು ಮಲಗುತ್ತದೆ, ಅದರ ತಪ್ಪೇನಿಲ್ಲ. ನಾನೇ ಅದರ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಉಸಿರು ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತಾ ಕೂರುತ್ತೇನೆ. ಇವರು ನಗುತ್ತಾರೆ. ತಮ್ಮ ಫ್ಯಾಕ್ಟರಿಯಲ್ಲಿ ಮರಗೆಣಸಿನ ಸಾಬಕ್ಕಿ ಹುರಿಯುವವನು ಕೂಡ ಬಾಣಲೆಯನ್ನು ಇಷ್ಟು ಕಾಯುವುದಿಲ್ಲ ಅನ್ನುತ್ತಾರೆ.

ನಿನ್ನೆ ನಿನ್ನ ಮಗ ಗೋಪಿ ಫೋನ್ ಮಾಡಿದ್ದ. ಮಾತಿನ ಮಧ್ಯೆ, ಮುನಿಯಪ್ಪನ ಕಾಡಿನಲ್ಲಿ ಮದುವೆ ಮಂಟಪ ಕಟ್ಟುತ್ತಾರೆ ಅಂದ. ಎಷ್ಟು ಸಲೀಸಾಗಿ ಅಂದ ಗೊತ್ತಾ, ಹೊಸ ಬಸ್ಸು ಬಿಟ್ಟಿದ್ದಾರೆ ಅನ್ನುವ ಹಾಗೆ. ಊರಿನ ಯಜಮಾನರು ನಾಗರಾಜನ್ ಅಳತೆಯನ್ನೂ ಹಾಕಿಸಿದ್ದಾರಂತೆ. ನಾನು ಎರಡು ತಿಂಗಳು ನಿಮ್ಮ ಮನೆಯ ಒಳಕೋಣೆಯಲ್ಲೇ ಬಿದ್ದುಕೊಂಡಿದ್ದೆ. ಬಾಣಂತಿಗೆ ಹೇಳಬಾರದು ಅಂತ ಎಲ್ಲರೂ ಬಾಯಿ ಕಟ್ಟಿಕೊಂಡಿದ್ದಿರಾ?

ಚಿಕ್ಕಪ್ಪ, ನೀನು ಆ ಕಾಡಿನ ಪೂಜಾರಿ. ಕತ್ತಿಯಾಗಲಿ ಪೊರಕೆಯಾಗಲಿ ಒಳಗೆ ಹೋಗಬಾರದು ಅನ್ನುವ ಕಟ್ಟನ್ನು ನಿಮ್ಮಪ್ಪನ ಕಾಲದಿಂದ ಕಾಯುತ್ತಿರುವ ಮನೆ ನಮ್ಮದು. ಸೇಲಂ ಕಾಲೇಜಿನಲ್ಲಿ ಓದುವಾಗ ಎರಡು ಚಳಿಗಾಲ ನಾನು ಆ ಪೊದೆಗಳ ಅಂಚಿನಲ್ಲಿ ಕೂತು ನವರಂಗದ ಹಕ್ಕಿಗಳನ್ನು ಲೆಕ್ಕ ಹಾಕಿದ್ದು ನಿನಗೆ ನೆನಪಿರಬೇಕು. ನಮ್ಮೂರಿನವರು ಆರು ಮಣಿ ಹಕ್ಕಿ ಅನ್ನುವುದು ಅದನ್ನೇ. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ ಕೂಗುತ್ತದೆ. ಹಿಮಾಲಯದ ತಪ್ಪಲಿನಿಂದ ಅಕ್ಟೋಬರ್ ನಡುವೆ ಐಪ್ಪಸಿ ತಿಂಗಳಿಗೆ ಬಂದು, ಮೇ ತಿಂಗಳಲ್ಲಿ ಚಿತ್ತಿರೈ ಕಳೆಯುವ ಹೊತ್ತಿಗೆ ವಾಪಸ್ಸು ಹೋಗುತ್ತದೆ. ಮೊದಲ ವರ್ಷ ಹನ್ನೊಂದು ಕಂಡಿದ್ದೆ, ಎರಡನೇ ವರ್ಷ ನಾಲ್ಕು. ಸುತ್ತಲಿನ ಕುರುಚಲು ಕಾಡೆಲ್ಲ ಮರಗೆಣಸಿನ ಹೊಲ ಆಯಿತಲ್ಲ. ನನ್ನ ಗಂಡನ ಸಂಬಳವೂ ಅದೇ ಗೆಣಸಿನದು, ನಾನು ಯಾರನ್ನು ಬೈಯಲಿ. ಅವುಗಳಿಗೆ ಉಳಿದಿರುವುದು ನಮ್ಮ ಮುನಿಯಪ್ಪನ ಕಾಡು ಒಂದೇ.

ನೀನು ಊರಿನ ಕೂಟಕ್ಕೆ ಹೋಗಬೇಕು. ವಿನಾಶದ ಅಂಚು, ವಲಸೆ ಎಂದೆಲ್ಲ ನಾನು ಕಾಲೇಜಿನಲ್ಲಿ ಕಲಿತದ್ದನ್ನು ಹೇಳಬೇಡ, ಆಕಳಿಸುತ್ತಾರೆ. ಹೀಗೆ ಹೇಳು. ಆ ಹಕ್ಕಿಗಳು ಮುನಿಯಪ್ಪನ ನೆಂಟರು. ವರ್ಷಕ್ಕೊಂದು ಸಲ ಬಡಗಣ ದೇಶದಿಂದ ಅವನ ಮನೆಗೆ ಬಂದು ಹೋಗುತ್ತವೆ. ನೆಂಟರು ಇಳಿಯುವ ಮನೆಯನ್ನು ಕೆಡವಿ ಮಂಟಪ ಕಟ್ಟುತ್ತೀರಾ ಎಂದು ಕೇಳು. ದೇವರ ಮಾತು ಬಂದರೆ ನಾಗರಾಜನ್ ಕೂಡ ಚಪ್ಪಲಿ ಬಿಡುತ್ತಾರೆ.

ಈ ವಿಷಯವನ್ನು ಗೋಪಿಯ ಫೋನಿಗೆ ಕಳಿಸಿ ಪ್ರಯೋಜನವಿಲ್ಲ. ಊರಿನ ತಮಿಳು ಸ್ಕೂಲಿನಲ್ಲಿ ಓದಿದ ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲ, ನಿನಗೆ ತಮಿಳು ಅಕ್ಷರ ಬರುವುದಿಲ್ಲ, ಮಾತಾಡೋಣ ಅಂದರೆ ನಿನ್ನ ಕಿವಿ ಹೋಗಿದೆ. ಮಾದೇಶ್ವರನ ಬೆಟ್ಟದ ಅತ್ತೆ ಮನೆಯಲ್ಲಿ ನೀನು ಐದನೇ ಕ್ಲಾಸು ಓದದೇ ಇದ್ದಿದ್ದರೆ, ಆಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿ ಆ ಅಕ್ಷರ ತಿದ್ದಿಸದೇ ಇದ್ದಿದ್ದರೆ, ನಮ್ಮಿಬ್ಬರಿಗೂ ಈ ಕಾಗದವೂ ಇರುತ್ತಿರಲಿಲ್ಲ.

ನಿನ್ನ ಮಗಳು,
ಮುನಿಲಕ್ಷ್ಮಿ


ಕಾರೆದೊಡ್ಡಿ
3 ಮೇ 2024

ಮಗಳು ಮುನಿಲಕ್ಷ್ಮಿಗೆ ಚಿಕ್ಕಪ್ಪ ತಿಮ್ಮಪ್ಪನ ಆಶೀರ್ವಾದ.

ಕೂಟ ಆಯ್ತು. ನೀನು ಹೇಳಿದಂಗೇ ಹೇಳಿದೆ. ನಾಗರಾಜನ್ ಮೊದಲು ಎಗರಾಡಿದ. ನನಗೆ ಕೇಳಿಸಲಿಲ್ಲ, ಗೋಪಿ ಕಿವಿ ಹತ್ರ ಕಿರುಚಿ ಹೇಳಿದ. "ಮಂಟಪ ಬ್ಯಾಡ ಅಂದ್ರೆ ನಮ್ ಮಕ್ಕಳ ಮದುವೆ ಎಲ್ಲಿ ಮಾಡಾದು, ಕೊಳತ್ತೂರು ಬಸ್ ಸ್ಟ್ಯಾಂಡ್ನಾಗಾ?" ಅಂದನಂತೆ. ಅಷ್ಟರಲ್ಲಿ ಎಲ್ಲಾರೂ ನಗಾಡಿದರು. ಯಾಕೆ ಅಂತ ನನಗೆ ತಿಳೀಲಿಲ್ಲ. ಆಮೇಲೆ ತಿಳೀತು. ನಿನ್ನ ಚಿಕ್ಕಮ್ಮ ಹೆಂಗಸರ ಕಡೆಯಿಂದ, "ನಿನ್ ಮಗನ್ಗೆ ಮೊದ್ಲು ಎಣ್ಣು ಸಿಗ್ಲಿ ನಾಗರಾಜ, ಆಮ್ಯಾಕೆ ಮಂಟಪ ನೋಡಾನ" ಅಂದಳಂತೆ.

ನೆಂಟರ ಮಾತು ಹೇಳಿದ ಮೇಲೆ, ಹಕ್ಕಿ ನೋಡಿದೋರು ನೋಡಿದ್ದನ್ನ ಹೇಳಿದರು. ಹಸಿರು ಬೆನ್ನು, ಹೊಟ್ಟೆ ಕೆಳಗೆ ಕುಂಕುಮ, ಕಣ್ಣಿಗೆ ಕಾಡಿಗೆ. "ಒಂಬತ್ತು ಬಣ್ಣದ ಸೀಲೆ ಉಟ್ಕಂಡು ಬರೋದು ನೆಂಟರಲ್ದೆ ಇನ್ಯಾರು" ಅಂತ ಒಬ್ಬ ಅಜ್ಜಿ ಅಂದಳು. ನಾಗರಾಜನ್ ತಲೆ ಕೆರಕೊಂಡ. ಆಮೇಲೆ ಅವನೇ ಎದ್ದು, ಮಂಟಪ ರೋಡ್ ಆಚೆ ಸರ್ಕಾರದ ಪುರಂಬೋಕು ಜಾಗದಲ್ಲಿ ಕಟ್ಟಾನ ಅಂದ. ಅಷ್ಟೇ.

ಮುನಿಯಪ್ಪ ಕಾಡು ಉಳಿಸಿಕೊಂಡ. ನಿನ್ನ ಬುದ್ಧಿ. ಮೊನ್ನೆ ಒಂದು ಹಕ್ಕಿ ಹುಣಸೆ ಮರದ ಕೆಳಗೆ ತರಗೆಲೆ ಕೆದಕ್ತಾ ಇತ್ತು. ಆಮೇಲೆ ಕಾಣಲಿಲ್ಲ, ಹೋಗಿರಬೇಕು.

ಮಗೂಗೆ ಏನು ಹೆಸರು ಇಟ್ಟಿದೀರಿ? ಗೋಪಿ ಹೇಳಿದ, ನನಗೆ ಎಳ್ಳು ಅಂದಂಗೆ ಕೇಳಿಸ್ತು.

ಚಿಕ್ಕಪ್ಪ


ಹರೂರು
20 ಮೇ 2024

ಚಿಕ್ಕಪ್ಪ,

ಎಳ್ಳು ಅಲ್ಲ, ಯಾಳಿನಿ. ಇವರ ಮನೆಯವರು ಇಟ್ಟ ಹೆಸರು. ಯಾಳ್ ಎಂದರೆ ತಮಿಳಿನಲ್ಲಿ ವೀಣೆಯಂಥ ವಾದ್ಯ. ನೀನು ಎಳ್ಳು ಎಂದೇ ಕರೆ, ಅದೂ ಚೆನ್ನಾಗಿದೆ.

ನಿನ್ನ ಕಾಗದವನ್ನು ಇವರಿಗೆ ತಮಿಳಿನಲ್ಲಿ ಓದಿ ಹೇಳಿದೆ. "ಎಂ.ಎಸ್ಸಿ. ಓದಿಸಿದ್ದಕ್ಕೆ ಇವತ್ತು ಲಾಭ ಬಂತು" ಅಂದರು. ಸಂಜೆ ಫ್ಯಾಕ್ಟರಿಯಿಂದ ಬರುವಾಗ ಮೈಸೂರುಪಾಕು ತಂದರು. ಒಂದು ಮಾತಿಗೆ ಒಂದು ಕಾಡು ಉಳಿಯುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಇಷ್ಟು ಖುಷಿಯಾದ ದಿನವಾದರೂ ನಿದ್ದೆ ಬರಬೇಕಿತ್ತು. ಬರಲಿಲ್ಲ. ಸುಮ್ಮನೆ ಭಯ. ಯಾವುದಕ್ಕೆ ಎಂದು ಕೇಳಿದರೆ ಹೇಳಲು ಬಾರದ ಭಯ. ಡಾಕ್ಟರಮ್ಮ ಸರಿಹೋಗುತ್ತದೆ ಅಂದಿದ್ದಾರೆ.

ಯಾಳಿನಿ ಈಗ ಶಬ್ದ ಬಂದ ಕಡೆಗೆ ಕತ್ತು ತಿರುಗಿಸುತ್ತಾಳೆ. ಬರುವ ಚಳಿಗಾಲಕ್ಕೆ ಅವಳನ್ನು ಕರೆದುಕೊಂಡು ಬಂದು ಆರು ಮಣಿಗೆ ಆ ಕಾಡಿನ ಎದುರು ನಿಲ್ಲುತ್ತೇನೆ. ಅಷ್ಟು ಸಾಕು ನನಗೆ.

ಮುನಿಲಕ್ಷ್ಮಿ


ಕಾರೆದೊಡ್ಡಿ
6 ಆಗಸ್ಟ್ 2024

ಮಗಳು ಮುನಿಲಕ್ಷ್ಮಿಗೆ ಚಿಕ್ಕಪ್ಪ ಬರೆಯೋದು.

ತಡವಾಯ್ತು, ಕೆಲಸ ಜಾಸ್ತಿ. ಓದಿದರೆ ನಿನಗೆ ಸಂತೋಷ ಆಗ್ತದೆ.

ಆಡಿ ತಿಂಗಳ ಪೂಜೆಗೆ ಊರೆಲ್ಲಾ ಸೇರಿದಾಗ ನಾಗರಾಜನ್ ಒಂದು ಮಾತು ಎತ್ತಿದ. "ನೆಂಟ್ರು ಬರೋ ಮನೆ ಇಂಗಾ ಇಕ್ಕಾದು? ಕಾಲಿಟ್ರೆ ಮುಳ್ಳು, ಕೈಯಿಟ್ರೆ ಜೇಡ. ಇಮಾಲಯದಿಂದ ಬಂದು ನಮ್ಮೂರ್ನ ನೋಡಿ ಏನಂದ್ಕತಾವೆ?" ಅಂದ. ಎಲ್ಲಾರಿಗೂ ಅದು ಸರಿ ಅನ್ನಿಸ್ತು. ನನಗೂ ಅನ್ನಿಸ್ತು. ನಮ್ಮ ಮನೆಗೆ ಬೀಗರು ಬರ್ತಾರೆ ಅಂದ್ರೆ ಸುಣ್ಣ ಬಳಿಯಲ್ವಾ?

ಪೊರಕೆ ಹೋಗಬಾರದು ಅನ್ನೋ ಕಟ್ಟು ಐತಲ್ಲ, ಅದನ್ನ ನಾವಾಗೇ ಮುರೀಲಿಲ್ಲ. ಮುನಿಯಪ್ಪನ ತಲೆ ಮೇಲೆ ಬಿಳಿ ಹೂ ಒಂದು, ಕೆಂಪು ಹೂ ಒಂದು ಇಟ್ಟು ಅಪ್ಪಣೆ ಕೇಳಿದ್ವಿ. ಬಿಳೀದು ಬಲಕ್ಕೆ ಬಿತ್ತು. ಅಪ್ಪಣೆ ಆಯ್ತು.

ಇಳಂಗೋ ತನ್ನ ಜೆಸಿಬಿ ಹರಕೆ ಅಂತ ಬಿಟ್ಟುಕೊಟ್ಟ. ಒಂದು ಮರ ಮುಟ್ಟಲಿಲ್ಲ, ನೀನು ಹೆದರಬೇಡ. ಬರೀ ಕಾರೆ, ಸೂರಿಮುಳ್ಳು, ಬಳ್ಳಿ, ಪೊದೆ ಎಲ್ಲಾ ತೆಗೆದ್ವಿ. ರೋಡ್ ಕಡೆಯಿಂದ ಹಳ್ಳದವರೆಗೂ ಅರ್ಧ ಕಾಡು ಈಗ ಅಂಗಳ ಇದ್ದಂಗೆ ಐತೆ. ತರಗೆಲೆ ಮೊಣಕಾಲುದ್ದ ಇತ್ತು. ದೇವರ ಎಲೆ ಯಾರ ಹೊಲಕ್ಕೂ ಹೋಗಬಾರದು ಅಂತ ಅಲ್ಲೇ ರಾಶಿ ಹಾಕಿ ಸುಟ್ವಿ. ಮರದ ಬುಡಕ್ಕೆಲ್ಲಾ ಸುಣ್ಣ, ಕಾವಿ. ನಡುವೆ ಸಿಮೆಂಟು ಹಾಸಿದ್ದೀವಿ, ಕಾಲಿಗೆ ಮಣ್ಣಾಗಬಾರದು ಅಂತ. ಇಸ್ಕೂಲ್ ಮಕ್ಕಳು ಕಾಂಪೌಂಡ್ ಮೇಲೆ ಹಕ್ಕಿ ಬರೆದು ಕೆಳಗೆ ತಮಿಳಲ್ಲಿ ಬನ್ನಿ ಬನ್ನಿ ಅಂತ ಬರೆದವರಂತೆ.

ನಿನ್ನ ಚಿಕ್ಕಮ್ಮ ದಿನಾ ಬೆಳಿಗ್ಗೆ ಹೋಗಿ ಗುಡಿಸಿ ರಂಗೋಲಿ ಹಾಕ್ತಾಳೆ. ಮುಂದಿನ ತಿಂಗಳು ಹಳ್ಳದ ಆಚೆ ಕಡೆಗೂ ಕೈ ಹಾಕಾನ ಅಂತವರೆ. ಅಲ್ಲಿ ಪೊದೆ ಇನ್ನೂ ಜಾಸ್ತಿ.

ಒಂದು ಕೇಳಬೇಕಿತ್ತು. ನೀನು ಓದಿದವಳು. ಅವು ಬಂದಾಗ ಅಕ್ಕಿ ಇಡಬೇಕಾ, ಸಾಮೆ ಇಡಬೇಕಾ?

ಚಿಕ್ಕಪ್ಪ


ಹರೂರು
11 ಆಗಸ್ಟ್ 2024

ಚಿಕ್ಕಪ್ಪ,

ನಿನ್ನ ಕಾಗದ ಓದಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಕೂತೆ. ಅತ್ತೆ ಬಾಗಿಲು ಬಡಿದು ಹೊಟ್ಟೆ ಕೆಟ್ಟಿದೆಯಾ ಎಂದು ಕೇಳಿದರು. ಹೌದು ಅಂದೆ.

ತಕ್ಷಣ ಗೋಪಿಗೆ ಫೋನ್ ಮಾಡಿ ಹಳ್ಳದ ಆಚೆ ಕಡೆ ಮುಟ್ಟಬೇಡಿ ಎಂದು ಹೇಳಿಸಿದ್ದು ನಿನಗೆ ತಲುಪಿರಬೇಕು. ಯಾಕೆ ಎಂದು ಅವನಿಗೆ ಹೇಳಿದೆ, ಅರ್ಥವಾಗಲಿಲ್ಲ. "ಅಕ್ಕ, ನೀನೊಂದ್ಸಲ ಬಂದು ನೋಡು, ಸೇಲಂ ಪಾರ್ಕೂ ಸೋತು ಓಗ್ಬೇಕು" ಅಂತ ಎರಡು ಸಲ ಅಂದ. ಫೋಟೋ ಕಳಿಸಿದ. ಚಿಕ್ಕಮ್ಮನ ರಂಗೋಲಿ ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ: ಅಕ್ಕಿಯೂ ಬೇಡ, ಸಾಮೆಯೂ ಬೇಡ. ಅವು ಕಾಳು ತಿನ್ನುವುದಿಲ್ಲ ಚಿಕ್ಕಪ್ಪ. ತರಗೆಲೆಯ ಕೆಳಗಿನ ಹುಳ, ಗೆದ್ದಲು, ಜೇಡ ಇವೇ ಅವುಗಳ ಊಟ. ನವರಂಗ ಮರದ ಹಕ್ಕಿಯಲ್ಲ, ನೆಲದ ಹಕ್ಕಿ. ಎಲೆ ಕೆದಕಿ ತಿನ್ನುತ್ತದೆ, ನೆರಳು ಕಂಡರೆ ಪೊದೆಯೊಳಗೆ ನುಗ್ಗುತ್ತದೆ. ಮರ ಬಿಟ್ಟು ಪೊದೆ ತೆಗೆದರೆ ಚಾವಣಿ ಬಿಟ್ಟು ಗೋಡೆಯನ್ನೂ ಅಡುಗೆಮನೆಯನ್ನೂ ತೆಗೆದ ಹಾಗೆ. ಇದನ್ನೆಲ್ಲ ನಾನು ಏಪ್ರಿಲ್‌ನಲ್ಲೇ ಬರೆಯಬೇಕಿತ್ತು. ವಿಜ್ಞಾನ ಹೇಳಬೇಡ, ನೆಂಟರು ಅನ್ನು ಎಂದು ನಿನಗೆ ಕಲಿಸಿದವಳು ನಾನೇ. ನಮ್ಮ ಕಡೆಯವರು ನೆಂಟರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಗೊತ್ತಿದ್ದೂ ಹಾಗೆ ಬರೆದೆ.

ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಒಬ್ಬರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಹಳ್ಳದ ಆಚೆಯದು ಉಳಿಯಲೇಬೇಕು. ಉಳಿದಿರುವುದು ಅಷ್ಟೇ. ಊರಿನವರಿಗೆ ಹೇಗೆ ಹೇಳುತ್ತೀಯೋ ಹೇಳು, ಈ ಸಲ ನಾನು ಮಾತು ಕಲಿಸಿಕೊಡುವುದಿಲ್ಲ.

ಮುನಿಲಕ್ಷ್ಮಿ


ಕಾರೆದೊಡ್ಡಿ
24 ಅಕ್ಟೋಬರ್ 2024

ಮಗಳು ಮುನಿಲಕ್ಷ್ಮಿಗೆ,

ಹಳ್ಳದ ಆಚೆ ಕಡೆ ಇವತ್ತಿಗೂ ಹಂಗೇ ಐತೆ, ಯಾರೂ ಮುಟ್ಟಿಲ್ಲ. ನೀನು ಬರೆದಿದ್ದನ್ನ ಓದಿ ಹೇಳಿದೆ. ಹುಳ ತಿಂತಾವೆ ಅಂದ್ರೆ ಯಾರಿಗೂ ಹಿಡಿಸಲಿಲ್ಲ. "ದೇವ್ರ ನೆಂಟ್ರು ಗೆದ್ಲು ತಿಂತಾವಾ, ಏನ್ ಮಾತು ಅಂತ ಆಡ್ತೀಯ ತಿಮ್ಮಪ್ಪಣ್ಣ" ಅಂತ ನನ್ನನ್ನೇ ಬೈದರು. ಕೊನೆಗೆ ನಾಗರಾಜನ್ ಒಂದು ನ್ಯಾಯ ಹೇಳಿದ. ಈ ವರ್ಷ ಹಕ್ಕಿ ಬರಲಿ. ಚೊಕ್ಕ ಮಾಡಿದ ಕಡೆ ಕೂಗಿದರೆ ಆಚೆ ಕಡೆನೂ ಚೊಕ್ಕ ಮಾಡಾದು. ಹಳ್ಳದ ಕಡೆ ಮಾತ್ರ ಕೂಗಿದರೆ, ಅದನ್ನ ಹಂಗೇ ಬಿಡಾದು. ನನಗೂ ಸರಿ ಅನ್ನಿಸ್ತು. ಹಕ್ಕಿನೇ ತೀರ್ಮಾನ ಮಾಡಲಿ.

ಐಪ್ಪಸಿ ಹುಟ್ಟಿದ ಮೇಲೆ ಒಂದು ಬಂತು. ಬೆಳಿಗ್ಗೆ ಪೂಜೆಗೆ ಹೋದಾಗ ಸಿಮೆಂಟ್ ಮೇಲೆ ಕುಂತಿತ್ತು. ಬಲು ಸುಸ್ತಾಗಿತ್ತು, ಕಣ್ಣು ಮುಚ್ಚಿ ಮುಚ್ಚಿ ತೆಗೀತಿತ್ತು. ಊರೆಲ್ಲಾ ಬಂದು ಕೈ ಮುಗಿದರು. ಅದು ಆ ಕಡೆ ಈ ಕಡೆ ಕುಪ್ಪಳಿಸಿ ನೆಲ ಕುಕ್ಕಿ ನೋಡ್ತು. ಮಾರನೇ ದಿನ ಇರಲಿಲ್ಲ. ಹಳ್ಳದ ಕಡೆ ಹೋಯ್ತೋ, ಬೆಕ್ಕು ಹಿಡೀತೋ, ಬೇರೆ ಊರಿಗೆ ಹೋಯ್ತೋ.

ಆಮೇಲೆ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕೂಗೋದು ನನಗೆ ಕೇಳಿಸಲ್ಲ. ಗೋಪಿ ಕೇಳಿಸ್ತು ಅಂತಾನೆ, ಅವನು ಯಾವಾಗಲೂ ಫೋನ್ ಹಾಕ್ಕೊಂಡೇ ಇರ್ತಾನೆ, ನಂಬೋದು ಹೆಂಗೆ. ಕೆಲವರು ಇಲ್ಲ ಅಂತಾರೆ.

ನೀನು ಕಾರ್ತಿಗೈಲಿ ಮಗೂನ ಮುಡಿ ಕೊಡಿಸೋಕೆ ಬರ್ತೀಯಲ್ಲ, ಆವಾಗ ಸಂಜೆ ಆರಕ್ಕೆ ಊರೆಲ್ಲಾ ಸೇರ್ತದೆ. ಈಗಿನೋರಿಗೆ ಎಲ್ಲಾ ಸಿಳ್ಳೆನೂ ಒಂದೇ, ಆ ಹಕ್ಕಿ ಕೂಗು ಕಲಿತವಳು ನೀನು ಒಬ್ಬಳೇ. ನೀನು ಏನು ಹೇಳ್ತೀಯೋ ಅದೇ ಅಂತ ಎಲ್ಲಾರೂ ಒಪ್ಪಿಕೊಂಡವರೆ.

ಚಿಕ್ಕಪ್ಪ


ಹರೂರು
26 ನವೆಂಬರ್ 2024

ಚಿಕ್ಕಪ್ಪ,

ಕ್ಷೇಮವಾಗಿ ಬಂದು ಸೇರಿದೆವು. ಮೇಟೂರಿನಿಂದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಯಾಳಿನಿಯ ಬೋಳುತಲೆಗೆ ಗಂಧ ಹಚ್ಚುತ್ತಿದ್ದೇನೆ, ಕತ್ತಿ ತಗುಲಿದ ಜಾಗ ಒಣಗುತ್ತಿದೆ. ಚಿಕ್ಕಮ್ಮ ಕೊಟ್ಟ ರಾಗಿಹಿಟ್ಟು ಇವರ ಮನೆಯಲ್ಲಿ ಎಲ್ಲರಿಗೂ ಇಷ್ಟವಾಯಿತು.

ಬೇರೇನೂ ವಿಶೇಷವಿಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಮುನಿಲಕ್ಷ್ಮಿ


ಕಾರೆದೊಡ್ಡಿ
2 ಡಿಸೆಂಬರ್ 2024

ಮಗಳು ಮುನಿಲಕ್ಷ್ಮಿಗೆ,

ನೀನು ಬಂದು ಹೋದ ಮೇಲೆ ಊರಿಗೇ ಕಳೆ ಬಂದೈತೆ. ಹಕ್ಕಿ ಕೂಗ್ತು, ತಿಮ್ಮಪ್ಪನ ಮಗಳು ಕೇಳಿದಳು ಅಂತ ಪಕ್ಕದ ದೊಡ್ಡಿಗಳಿಂದ ಕೂಡ ಜನ ಬಂದು ನೋಡ್ಕೊಂಡು ಹೋಗ್ತಾವರೆ.

ನಾಗರಾಜನ್ ಕೂಟ ಕರೆದ. ಚೊಕ್ಕ ಮಾಡಿದ ಕಡೆಯೇ ಕೂಗಿದ್ದರಿಂದ, ಮಾತು ಕೊಟ್ಟಂಗೆ ಹಳ್ಳದ ಆಚೆ ಕಡೆನೂ ಮಾಡಾದು ಅಂತ ಆಯ್ತು. ಬರೋ ಸೋಮವಾರ ಇಳಂಗೋ ಜೆಸಿಬಿ ತರ್ತಾನೆ. ಅದು ಮುಗಿದರೆ ನೆಂಟರಿಗೆ ಇಡೀ ಕಾಡು ಮನೆ ಆಗ್ತದೆ ಅಂತ ನಾಗರಾಜನ್ ಹೇಳಿದ.

ನೀನು ಬರೆದಿದ್ದ ಹುಳ, ತರಗೆಲೆ ಎಲ್ಲಾ ನೆನಪೈತೆ. ಆದರೆ ಕೂಗ್ತು ಅಂದವಳು ನೀನೇ. ನಿನಗೆ ಏನಾದರೂ ಬರೆಯೋದಿದ್ದರೆ ಬೇಗ ಬರಿ.

ಚಿಕ್ಕಪ್ಪ


ಹರೂರು
5 ಡಿಸೆಂಬರ್ 2024

ಚಿಕ್ಕಪ್ಪ,

ಕೂಗಲಿಲ್ಲ.

ಅವತ್ತು ಯಾವ ಕಡೆಯೂ ಕೂಗಲಿಲ್ಲ. ಆರಕ್ಕೆ ಮುಂಚೆಯೂ ಇಲ್ಲ, ಕತ್ತಲಾಗುವ ತನಕವೂ ಇಲ್ಲ. ಒಂದು ಮಡಿವಾಳ ಹಕ್ಕಿ ಸಿಳ್ಳೆ ಹಾಕಿತು, ದೂರದಲ್ಲಿ ನವಿಲು ಅರಚಿತು, ಅಷ್ಟೇ. ಊರೆಲ್ಲ ಕಾದು ನಿಂತಿತ್ತು. ನೀನು ಕಾಡನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದೆ. ಮಗು ತಲೆ ಉರಿಯಿಂದ ಚೀರಾಡಿ ಆಗಷ್ಟೇ ನನ್ನ ಹೆಗಲ ಮೇಲೆ ಸೋತು ಮಲಗಿತ್ತು. ನನಗೆ ಎರಡು ದಿನದಿಂದ ನಿದ್ದೆ ಇರಲಿಲ್ಲ. ಚಿಕ್ಕಮ್ಮ ಒಂದು ಕೈಯಲ್ಲಿ ಪೊರಕೆ ಹಿಡಿದುಕೊಂಡೇ, "ಏನವ್ವ, ಕೂಗ್ತಾ?" ಅಂದಳು. ನಾನು ಹೂಂ ಅಂದುಬಿಟ್ಟೆ. ಅವಳನ್ನು ನೋಡಿಕೊಂಡು ಬೇರೆ ಏನೂ ಅನ್ನಲು ಆಗಲಿಲ್ಲ. ನಿನಗೆ ತಿಳಿಯಲಿ ಎಂದು ತಲೆಯನ್ನೂ ಆಡಿಸಿದೆ.

ನಾಗರಾಜನ್ ಎಲ್ಲಿ, ಈ ಕಡೆ ತಾನೇ ಅಂದರು. ಅದಕ್ಕೂ ತಲೆ ಆಡಿಸಿದೆ. ಅವರ ತೀರ್ಮಾನ ನೀನು ಬರೆದು ತಿಳಿಸಿದ್ದೆ, ಮರೆತಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ಅದು ತಲೆಯಲ್ಲೇ ಇರಲಿಲ್ಲ. ಹಳ್ಳದ ಆಚೆ ಎಂದಿದ್ದರೆ ಅದಾದರೂ ಉಳಿಯುತ್ತಿತ್ತು. ಸುಳ್ಳು ಹೇಳುವವಳು ಸರಿಯಾದ ಸುಳ್ಳನ್ನಾದರೂ ಹೇಳಬೇಕಿತ್ತು.

ನಿನ್ನ ಕಾಗದ ಸಿಕ್ಕಿದ ಕೂಡಲೇ ಗೋಪಿಗೆ ಫೋನ್ ಮಾಡಿದೆ. "ಅಕ್ಕ, ಊರೆಲ್ಲಾ ಎದುರ್ಗೆ ನೀನೇ ತಾನೆ ಏಳಿದ್ದು? ಈಗ ಮಾತು ಬದ್ಲಾಸಿ ಏಳಿದ್ರೆ ನನ್ನನ್ನ ಒದೀತಾರೆ. ನಾಗರಾಜಣ್ಣನ ಕೈಗೇ ಕೊಡ್ತೀನಿ" ಅಂದ. ನಾಗರಾಜನ್ ಬಂದು ಮಾತಾಡಿದರು. ಸಿಟ್ಟಿಲ್ಲದೆ, ತುಂಬ ಮೆತ್ತಗೆ ಮಾತಾಡಿದರು.

"ಅಮ್ಮಣಿ, ಮುನಿಯಪ್ಪನ ಎದ್ರುಗೆ ಮುಡಿ ಕೊಟ್ಟ ಮಗೂನ ತೋಳ್ ಮ್ಯಾಲೆ ಆಕ್ಕೊಂಡು ಏಳಿದ ಮಾತು ಅದು. ಅಲ್ಲಿ ಸುಳ್ಳಾಡೋ ವಂಶನಾ ನಿಮ್ದು?"

"ಆಡಿದೆ ಅಣ್ಣ. ನಿಜವಾಗಿಯೂ ಆಡಿದೆ."

"ನಿನ್ಗೆ ನಿದ್ದೆ ಇಲ್ವಂತೆ. ನಿನ್ ಗಂಡ ಮೋಹನ್‌ರಾಜ್ ತಂಬಿ ಅವತ್ತೇ ಏಳ್ದ. ಪಾಪ, ಹೆತ್ತ ಮೈ. ಇಲ್ದಿದ್ದು ಐತೆ ಅಂತಲೂ ಇದ್ದಿದ್ದು ಇಲ್ಲ ಅಂತಲೂ ಅನ್ಸ್ತದೆ. ಒಂದು ತಾಯಿತ ಮಾಡ್ಸಿ ಕಳಿಸ್ತೀನಿ, ಕಟ್ಕೋ."

ಇವರನ್ನು ಮಾತಾಡಿ ಎಂದು ಕೇಳಿಕೊಂಡೆ. ಇವರು ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ವಾಪಸ್ಸು ಬಂದು ನನ್ನ ತಲೆ ಸವರಿ, ನಾಳೆ ಧರ್ಮಪುರಿಯಲ್ಲಿ ಬೇರೆ ಡಾಕ್ಟರಿಗೆ ತೋರಿಸೋಣ ಅಂದರು.

ಸುಳ್ಳು ಹೇಳಿದಾಗ ನಾನು ಓದಿದವಳು. ನಿಜ ಹೇಳಿದಾಗ ತಲೆ ಕೆಟ್ಟವಳು.

ಉಳಿದವನು ನೀನೊಬ್ಬನೇ. ಈ ಕಾಗದ ಸೋಮವಾರದೊಳಗೆ ನಿನ್ನ ಕೈ ಸೇರಲಿ ಎಂದು ನಾನೇ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಪೂಜಾರಿ ಅಡ್ಡ ನಿಂತರೆ ಜೆಸಿಬಿ ದಾಟುವುದಿಲ್ಲ. ನಿಲ್ಲು ಚಿಕ್ಕಪ್ಪ.

ಮುನಿಲಕ್ಷ್ಮಿ


ಕಾರೆದೊಡ್ಡಿ
13 ಡಿಸೆಂಬರ್ 2024

ಮಗಳು ಮುನಿಲಕ್ಷ್ಮಿಗೆ ಚಿಕ್ಕಪ್ಪ ಬರೆಯೋದು.

ಕಾಗದ ಶನಿವಾರವೇ ಬಂತು. ಪೋಸ್ಟ್‌ಮ್ಯಾನ್ ಸೈನ್ ಹಾಕಿಸ್ಕೊಂಡ.

ಕೂಗಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ನೀನು ಚಿಕ್ಕವಳಿದ್ದಾಗ ಅದು ಕೂಗಿದರೆ ನಿನ್ನ ಮೊಕ ಹೆಂಗಾಗ್ತಿತ್ತು ಅಂತ ನೋಡಿದವನು ನಾನು. ಆ ಮೊಕ ಅವತ್ತು ಇರಲಿಲ್ಲ. ಆದರೂ ಸುಮ್ಮನಿದ್ದೆ. ನಿನ್ನ ಚಿಕ್ಕಮ್ಮ ನಾರಾಯಣಮ್ಮ ಆ ಪೊರಕೆ ಇಟ್ಕೊಂಡು ನಗ್ತಾ ಇದ್ದಳು.

ಸೋಮವಾರ ಹಳ್ಳದ ದಾರೀಲಿ ಅಡ್ಡ ನಿಂತೆ. ಇಳಂಗೋ ಗಾಡಿ ನಿಲ್ಲಿಸಿ ಇಳಿದು ಬಂದು ಕಾಲು ಮುಟ್ಟಿದ. ಊರೆಲ್ಲಾ ಸೇರ್ತು. ಹಕ್ಕಿ ಕೂಗಿಲ್ಲ, ನನ್ನ ಮಗಳು ಬರೆದವಳೆ ಅಂತ ಕಾಗದ ತೋರಿಸಿದೆ. ಒಬ್ಬೊಬ್ಬರೂ ಇಸ್ಕೊಂಡು ತಿರುಗಿಸಿ ನೋಡಿದರು. ನಮ್ಮೂರಲ್ಲಿ ಮನೆ ಮಾತು ಕನ್ನಡವೇ, ಓದೋಕೆ ಮಾತ್ರ ಒಬ್ಬರಿಗೂ ಬರಲ್ಲ. ನಾನೇ ಓದಿ ಹೇಳಿದೆ. ಗೋಪಿ ಕಿವಿ ಹತ್ರ ಕಿರುಚಿದ: "ಅಪ್ಪ, ನಿನ್ಗೆ ಕಿವಿ ಕೇಳ್ಸಾಕಿಲ್ಲ, ಅಕ್ಕನ್ಗೆ ನಿದ್ದೆ ಬರಾಕಿಲ್ಲ, ನಿಮ್ಮಿಬ್ರು ಮಾತು ಕಟ್ಕೊಂಡು ಊರು ಕೆಲ್ಸ ನಿಲ್ಸಕ್ಕಾಯ್ತದಾ?" ಯಾರೂ ನಗಲಿಲ್ಲ. ಎಲ್ಲಾ ನನ್ನ ಮೇಲೆ ಪ್ರೀತಿಯಿಂದಲೇ ನಿಂತಿದ್ದರು. ಕೈ ಹಿಡಿದು ನೆರಳಿಗೆ ಕರ್ಕೊಂಡು ಹೋಗಿ ಕೂರಿಸಿ ಟೀ ಕೊಟ್ಟರು.

ಮಧ್ಯಾಹ್ನಕ್ಕೆಲ್ಲಾ ಮುಗೀತು. ಮಣ್ಣು ಕೆಂಪಗೆ ಐತೆ. ಈಗ ರೋಡಿನಲ್ಲಿ ನಿಂತರೆ ಆಚೆ ಗುಡ್ಡದ ಬುಡದವರೆಗೂ ಕಾಣಿಸ್ತದೆ, ಮಧ್ಯೆ ಏನೂ ಅಡ್ಡ ಇಲ್ಲ.

ಡಾಕ್ಟರು ಕೊಟ್ಟ ಮಾತ್ರೆ ತಗೋ. ನಿದ್ದೆ ಮಾಡು. ನಾಗರಾಜನ್ ಕೊಟ್ಟ ತಾಯಿತ ಗೋಪಿ ಕೈಯಲ್ಲಿ ಕಳಿಸ್ತೀನಿ, ಕಟ್ಟಿಕೊಂಡರೂ ಸರಿ, ಬಿಟ್ಟರೂ ಸರಿ.

ಅವತ್ತೇ ಕೂಟದಲ್ಲಿ ಇನ್ನೊಂದು ತೀರ್ಮಾನ ಆಯ್ತು, ಅದನ್ನ ನಿನಗೆ ನಾನೇ ಬರೀಬೇಕಂತೆ. ಇನ್ನು ಮೇಲೆ ವರ್ಷಾ ವರ್ಷ ಕಾರ್ತಿಗೈಲಿ ಬಂದು ನೆಂಟರ ಕೂಗು ಕೇಳಿ ಊರಿಗೆ ಹೇಳೋ ಮರ್ಯಾದೆ ನಿನ್ನದು. ಸೀರೆ, ಕಾಯಿ, ಹಣ್ಣು ಕೊಟ್ಟು ಬಸ್ಸಿನವರೆಗೂ ಬಂದು ಕಳಿಸ್ತಾರೆ. ನಿನಗೆ ಆಗದೇ ಹೋದ ಕಾಲಕ್ಕೆ ನಿನ್ನ ಮಗಳದು.

ಆಗಲಿ ಅಂತ ನಾನು ತಲೆ ಆಡಿಸಿದೆ.

ಚಿಕ್ಕಪ್ಪ